ಸಂಜೆಯಾದರೆ ಟಿವಿ ಚಿತ್ರ ಒಡೆಯುತ್ತದೆ, ರೆಕಾರ್ಡಿಂಗ್ ಅರ್ಧಕ್ಕೇ ನಿಲ್ಲುತ್ತದೆ: ಕಾರವಾರದಿಂದ ಒಂದು ಪ್ರಶ್ನೆ

ಕೋಡಿಬಾಗದ ಮನೆ | ಸೆಪ್ಟೆಂಬರ್ 6, ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. ಕಾಳಿ ನದಿ ಸಮುದ್ರ ಸೇರುವ ಜಾಗ ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ತಾರಸಿಯ ಮೇಲೆ ಡಿಡಿ ಫ್ರೀ ಡಿಶ್ ಹಾಕಿಸಿ ಐದು ವರ್ಷವಾಯಿತು. ಪೆನ್‌ಡ್ರೈವ್‌ಗೆ ರೆಕಾರ್ಡ್ ಮಾಡಿಕೊಳ್ಳುವ ಬಾಕ್ಸ್ ಇದೆ.

ಅಪ್ಪನಿಗೆ ಈಗ ಎಪ್ಪತ್ತೊಂಬತ್ತು. ಬಹಳ ವರ್ಷ ಬಡಗುತಿಟ್ಟಿನ ಮೇಳಗಳಲ್ಲಿ ಮದ್ದಳೆ ಬಾರಿಸಿದವರು. ಕೈ ನಡುಗುವುದರಿಂದ ವಾದ್ಯ ಮುಟ್ಟುವುದನ್ನು ಬಿಟ್ಟಿದ್ದಾರೆ. ಯಾವ ವಾಹಿನಿಯಲ್ಲಿ ಯಕ್ಷಗಾನ ಬಂದರೂ ನಾನು ರೆಕಾರ್ಡ್ ಮಾಡಿಡುತ್ತೇನೆ. ಮರುದಿನ ಮಧ್ಯಾಹ್ನ ಊಟವಾದ ಮೇಲೆ ಅವರು ತೊಡೆಯ ಮೇಲೆ ಬೆರಳಾಡಿಸುತ್ತ ಕೇಳುತ್ತಾರೆ. ದಿನದಲ್ಲಿ ಅವರ ಮುಖ ಅರಳುವುದು ಆ ಹೊತ್ತಿನಲ್ಲಿ.

ಆಗಸ್ಟ್‌ನಿಂದ ಎರಡು ತೊಂದರೆ ಶುರುವಾಗಿವೆ. ಸಂಜೆ ಏಳರ ಮೇಲೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಪದ್ಯದ ನಡುವೆ ಧ್ವನಿ ಕಡಿದು ಹೋಗುತ್ತದೆ. ಬೆಳಿಗ್ಗೆ ಒಂಬತ್ತು, ಒಂಬತ್ತೂವರೆಯವರೆಗೆ ಹೀಗೆಯೇ. ಮಧ್ಯಾಹ್ನ ಒಂದು ಚುಕ್ಕೆಯೂ ಇಲ್ಲದಷ್ಟು ಸ್ವಚ್ಛ. ಮಳೆ ಬಂದರೂ ಬಾರದಿದ್ದರೂ ಇದೇ ಕತೆ. ಎರಡನೆಯದು, ದೀರ್ಘ ಪ್ರಸಂಗವಾದರೆ ಸುಮಾರು ಎರಡೂ ಮುಕ್ಕಾಲು ಗಂಟೆಗೆ ರೆಕಾರ್ಡಿಂಗ್ ತಾನಾಗಿ ನಿಂತುಬಿಡುತ್ತದೆ.

ರಿಪೇರಿಯವರು ಎರಡು ಸಲ ಬಂದರು, ಎರಡೂ ಸಲ ಮಧ್ಯಾಹ್ನ. ಎಲ್ಲ ಸರಿಯಿದೆಯಲ್ಲ ಎಂದು ಮೊದಲ ಸಲ ಹೇಳಿದರು. ಎರಡನೆಯ ಸಲ ಹೊಸ ಬಾಕ್ಸ್ ಕೊಳ್ಳಿ ಎಂದರು. ಕೊಳ್ಳುವ ಮೊದಲು ತಿಳಿದವರನ್ನು ಕೇಳೋಣವೆಂದು ಬರೆದಿದ್ದೇನೆ.

ಅಂಕೋಲಾದಿಂದ | ಸೆಪ್ಟೆಂಬರ್ 6, ರಾತ್ರಿ 9.55

ಅಕ್ಕ, ನಮ್ಮ ಮನೆಯಲ್ಲಿಯೂ ಹೀಗೆ ಆಗಿತ್ತು. ಬಾಕ್ಸ್ ಬಿಚ್ಚಿಸಿದಾಗ ಒಳಗಿನ ಕೆಪಾಸಿಟರ್ ತಲೆ ಉಬ್ಬಿತ್ತು. ಸಂಜೆ ಊರಿನಲ್ಲೆಲ್ಲ ದೀಪ, ಫ್ಯಾನು, ಪಂಪು ಹಚ್ಚಿದಾಗ ವೋಲ್ಟೇಜ್ ಇಳಿಯುತ್ತದೆ, ದುರ್ಬಲ ಬಾಕ್ಸ್ ಅದನ್ನು ತಡೆಯುವುದಿಲ್ಲ. ರಿಪೇರಿಯವರು ಹೇಳಿದ್ದರಲ್ಲಿ ಹುರುಳಿದೆ ಎನ್ನಿಸುತ್ತದೆ.

ಬೈತಖೋಲ, ನಿವೃತ್ತ ರೇಡಿಯೊ ಆಪರೇಟರ್ | ಸೆಪ್ಟೆಂಬರ್ 6, ರಾತ್ರಿ 10.40

ಬಾಕ್ಸ್ ಕೊಳ್ಳುವ ಅವಸರ ಬೇಡ. ವೋಲ್ಟೇಜ್ ಕಾರಣವಾಗಿದ್ದರೆ ನಡುರಾತ್ರಿ ಎರಡಕ್ಕೆ ಊರು ಮಲಗಿದ ಮೇಲೆ ಚಿತ್ರ ಸರಿಯಾಗಬೇಕಿತ್ತು. ಇವರ ಮನೆಯಲ್ಲಿ ಬೆಳಿಗ್ಗೆ ಒಂಬತ್ತರವರೆಗೂ ಸರಿಯಾಗುತ್ತಿಲ್ಲ.

ಮಳೆಯೂ ಕಾರಣವಲ್ಲ. ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ, ಕೆಯು ಬ್ಯಾಂಡ್‌ನಲ್ಲಿ, 11 ಗಿಗಾಹರ್ಟ್ಸ್‌ನ ಆಸುಪಾಸು. ಈ ತರಂಗಗಳನ್ನು ದಪ್ಪ ಮಳೆ ಹನಿ ಹೀರಿಕೊಳ್ಳುತ್ತದೆ, ನಿಜ. ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಸುರಿಯುವ ನಮ್ಮ ಕಾರವಾರದಲ್ಲಿ ಅದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಹಾಗೆ ಹೋದ ಚಿತ್ರ ಜಡಿಮಳೆ ನಿಂತ ಕೆಲವೇ ನಿಮಿಷಗಳಲ್ಲಿ ಮರಳುತ್ತದೆ. ಗಡಿಯಾರ ನೋಡಿಕೊಂಡು ಬರುವ ತೊಂದರೆ ಅದಲ್ಲ.

ಒಂದು ಕೆಲಸ ಮಾಡಿ. ಬಾಕ್ಸ್‌ನ ಮೆನುವಿನಲ್ಲಿ ಸಿಗ್ನಲ್ ತೋರಿಸುವ ಪುಟವಿರುತ್ತದೆ. ಅಲ್ಲಿ ಸ್ಟ್ರೆಂತ್, ಕ್ವಾಲಿಟಿ ಎಂದು ಎರಡು ಪಟ್ಟಿಗಳಿರುತ್ತವೆ. ಮುಖ್ಯವಾದದ್ದು ಕ್ವಾಲಿಟಿ. ನಾಳೆ ಮಧ್ಯಾಹ್ನ ಒಮ್ಮೆ, ರಾತ್ರಿ ಎಂಟಕ್ಕೆ ಒಮ್ಮೆ ಬರೆದುಕೊಳ್ಳಿ. ಒಂದೇ ವಾಹಿನಿ ಸಾಲದು. 11090 ಮೆಗಾಹರ್ಟ್ಸ್‌ನಲ್ಲಿ ಬರುವ ಒಂದನ್ನೂ 11590ರಲ್ಲಿ ಬರುವ ಒಂದನ್ನೂ ನೋಡಿ. ಎರಡಕ್ಕೂ ಸಿಂಬಲ್ ರೇಟ್ (ಸಂಕೇತಗಳು ಬರುವ ವೇಗ) 29500, ಧ್ರುವೀಕರಣ (ತರಂಗ ಕಂಪಿಸುವ ದಿಕ್ಕು) ಲಂಬ.

ಕೋಡಿಬಾಗದ ಮನೆ | ಸೆಪ್ಟೆಂಬರ್ 7, ರಾತ್ರಿ 8.30

ಬರೆದುಕೊಂಡೆ. ಮಧ್ಯಾಹ್ನ 11090ರಲ್ಲಿ ಕ್ವಾಲಿಟಿ 76, 11590ರಲ್ಲಿ 73. ಈಗ ರಾತ್ರಿ 11090ರಲ್ಲಿ 54. 11590ರಲ್ಲಿ 31ಕ್ಕೂ 20ಕ್ಕೂ ನಡುವೆ ಓಲಾಡುತ್ತಿದೆ, ಆ ವಾಹಿನಿಗಳೇ ಒಡೆಯುತ್ತಿವೆ. ಸ್ಟ್ರೆಂತ್ ಮಾತ್ರ ಎರಡು ಹೊತ್ತಿಗೂ ಹೆಚ್ಚು ಕಡಿಮೆ ಒಂದೇ. ಆಕಾಶ ತಿಳಿಯಾಗಿದೆ, ನಕ್ಷತ್ರ ಕಾಣುತ್ತಿವೆ.

ಕುಮಟಾ, ಡಿಶ್ ಕೆಲಸ | ಸೆಪ್ಟೆಂಬರ್ 7, ರಾತ್ರಿ 10.15

ಅಕ್ಕ, ಡಿಶ್ ಬಳಿ ನಿಮ್ಮ ಕೇಬಲ್ ತುದಿಯ ಕನೆಕ್ಟರ್‌ಗೆ ನೀರು ಹೋಗಿದೆ. ಇಲ್ಲಿ ಕುಳಿತು ಇಷ್ಟು ಧೈರ್ಯವಾಗಿ ಹೇಳುತ್ತಿರುವುದು ಆ ಎರಡು ಸಂಖ್ಯೆಗಳನ್ನು ನೋಡಿ. ಹದಿನೆಂಟು ವರ್ಷದಿಂದ ಹೊನ್ನಾವರದಿಂದ ಮಾಜಾಳಿಯವರೆಗೆ ಡಿಶ್ ಹಾಕುತ್ತಿದ್ದೇನೆ, ಕರಾವಳಿಯ ಮನೆಗಳಲ್ಲಿ ನಾನು ಕಂಡ ತೊಂದರೆಗಳಲ್ಲಿ ಹೆಚ್ಚಿನವು ಇದೇ.

ಡಿಶ್‌ನ ಮುಂದೆ ಕೋಲಿನ ತುದಿಯಲ್ಲಿರುವ ಎಲ್‌ಎನ್‌ಬಿ ಎಂಬ ಸಣ್ಣ ಗ್ರಾಹಕ ಆಕಾಶದ ತರಂಗವನ್ನು ಕೆಳಗಿನ ಆವರ್ತನಕ್ಕೆ ಇಳಿಸಿ ಕೇಬಲ್‌ಗೆ ಕೊಡುತ್ತದೆ. 9750 ಕಳೆಯಬೇಕು, ಅಷ್ಟೇ. ಹಾಗಾಗಿ 11090 ನಿಮ್ಮ ಕೇಬಲ್‌ನಲ್ಲಿ 1340 ಮೆಗಾಹರ್ಟ್ಸ್ ಆಗಿ ಹರಿಯುತ್ತದೆ, 11590 ಬಂದು 1840 ಆಗುತ್ತದೆ. ಆವರ್ತನ ಹೆಚ್ಚಿದಷ್ಟೂ ಕೇಬಲ್ ಹೆಚ್ಚು ನುಂಗುತ್ತದೆ, ಒದ್ದೆ ಕೇಬಲ್ ಇನ್ನೂ ಹೆಚ್ಚು ನುಂಗುತ್ತದೆ. ಮೇಲಿನ ಆವರ್ತನದ ವಾಹಿನಿಗಳು ಮೊದಲು ಸಾಯುತ್ತಿವೆ ಎಂದರೆ ಮೊದಲು ಹುಡುಕಬೇಕಾದದ್ದು ಕೇಬಲ್‌ನಲ್ಲಿ. ಡಿಶ್ ಅಲುಗಾಡಿದ್ದರೆ ಎಲ್ಲವೂ ಒಟ್ಟಿಗೆ ಇಳಿಯುತ್ತಿದ್ದವು, ಮಧ್ಯಾಹ್ನವೂ ಇಳಿಯುತ್ತಿದ್ದವು.

ಸಂಜೆಯ ಗುಟ್ಟು ಉಪ್ಪಿನಲ್ಲಿದೆ. ಸಮುದ್ರದ ಗಾಳಿ ತಂದ ಉಪ್ಪು ಕನೆಕ್ಟರ್‌ನ ಸಂದಿಯಲ್ಲಿ ಕೂರುತ್ತದೆ. ಉಪ್ಪಿನ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ರಾತ್ರಿ ಬೆಳಗಾಗುವುದರೊಳಗೆ ಹೇಗೆ ನೀರು ಬಿಡುತ್ತದೋ ಇಲ್ಲಿಯೂ ಹಾಗೆಯೇ. ಸೂರ್ಯ ಮುಳುಗಿ ತೇವ ಏರಿದಾಗ ಅದು ಒದ್ದೆಯಾಗುತ್ತದೆ, ಬಿಸಿಲೇರಿ ತಾರಸಿ ಕಾದ ಮೇಲೆ ಒಣಗುತ್ತದೆ. ರಿಪೇರಿಯವರು ಮಧ್ಯಾಹ್ನ ಬಂದರೆ ಏನು ಕಂಡೀತು? ಜೊತೆಗೆ, ಎಲ್‌ಎನ್‌ಬಿಗೆ ಬೇಕಾದ ವಿದ್ಯುತ್ತೂ ಇದೇ ಕೇಬಲ್‌ನಲ್ಲಿ ಹೋಗುತ್ತದೆ; ಲಂಬ ಧ್ರುವೀಕರಣಕ್ಕೆ 13 ವೋಲ್ಟ್. ಉಪ್ಪುನೀರಿನಲ್ಲಿ 13 ವೋಲ್ಟ್ ಸದಾ ಹರಿಯುತ್ತಿದ್ದರೆ ತಾಮ್ರ ದಿನದಿನಕ್ಕೆ ಕರಗುತ್ತದೆ. ಡಿಶ್ ಕೇಬಲ್‌ನ ನಡುತಂತಿ ಬಹುಪಾಲು ತಾಮ್ರ ಲೇಪಿಸಿದ ಉಕ್ಕು. ಈ ಆವರ್ತನದ ಸಿಗ್ನಲ್ ತಂತಿಯ ಮೈಮೇಲಿನ ಲೇಪದಲ್ಲಿಯೇ ಹರಿಯುವುದು. ಲೇಪ ಹೋದರೆ ಒಳಗಿನ ಉಕ್ಕು ತುಕ್ಕು ಹಿಡಿಯುತ್ತದೆ. ತಂತಿ ಕಡಿದಿರುವುದಿಲ್ಲ, ಮೀಟರ್ ಹಿಡಿದರೆ ಸರಿಯೆಂದೇ ತೋರಿಸುತ್ತದೆ, ಆದರೆ ಸಿಗ್ನಲ್‌ಗೆ ದಾರಿಯಿಲ್ಲ.

ನಂಬುವ ಮೊದಲು ಪರೀಕ್ಷೆ ಮಾಡಿ. ಸಂಜೆ ಚಿತ್ರ ಒಡೆಯಲು ಶುರುವಾದಾಗ ಬಾಕ್ಸನ್ನೂ ಒಂದು ಸಣ್ಣ ಟಿವಿಯನ್ನೂ ತಾರಸಿಗೆ ಒಯ್ಯಿರಿ. ಎರಡು ಮೀಟರ್ ಹೊಸ ಕೇಬಲ್‌ನಿಂದ ನೇರವಾಗಿ ಎಲ್‌ಎನ್‌ಬಿಗೆ ಜೋಡಿಸಿ ನೋಡಿ. ಚಿತ್ರ ಸ್ವಚ್ಛವಾದರೆ ಬಾಕ್ಸೂ ಎಲ್‌ಎನ್‌ಬಿಯೂ ನಿರಪರಾಧಿಗಳು. ಕನೆಕ್ಟರ್ ಬಿಚ್ಚುವ ಮೊದಲು ಬಾಕ್ಸ್‌ನ ಪ್ಲಗ್ ತೆಗೆದಿರಲೇಬೇಕು. ತಾರಸಿ ಪಾಚಿಗಟ್ಟಿದ್ದರೆ ರಾತ್ರಿ ಹತ್ತಬೇಡಿ, ಬೆಳಿಗ್ಗೆ ಆರೂವರೆಗೆ ನೋಡಿದರೂ ಅದೇ ಉತ್ತರ ಸಿಗುತ್ತದೆ.

ಹೊನ್ನಾವರದಿಂದ | ಸೆಪ್ಟೆಂಬರ್ 7, ರಾತ್ರಿ 11.05

ರೆಕಾರ್ಡಿಂಗ್ ನಿಲ್ಲುವ ಬಗ್ಗೆ ನಾನು ಹೇಳುತ್ತೇನೆ. ಪೆನ್‌ಡ್ರೈವನ್ನು ಕಂಪ್ಯೂಟರ್‌ಗೆ ಹಾಕಿ, ನಿಂತುಹೋದ ಫೈಲಿನ ಗಾತ್ರ ನೋಡಿ. ಎಲ್ಲವೂ 4 ಜಿಬಿಯ ಅಂಚಿನಲ್ಲಿಯೇ ನಿಂತಿದ್ದರೆ ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿದೆ ಎಂದರ್ಥ. ಆ ಮಾದರಿಯಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. ಸಾಧಾರಣ ವಾಹಿನಿಯೊಂದು ಸೆಕೆಂಡಿಗೆ ಮೂರೂವರೆ ಮೆಗಾಬಿಟ್‌ನಷ್ಟು ಬಂದರೆ ಎರಡೂ ಮುಕ್ಕಾಲು ಗಂಟೆಗೆ 4 ಜಿಬಿ ತುಂಬುತ್ತದೆ. ನಿಮ್ಮ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಬಾಕ್ಸ್ ಒಪ್ಪಿದರೆ ಈ ಮಿತಿಯಿಲ್ಲದ ಎನ್‌ಟಿಎಫ್‌ಎಸ್ ಮಾದರಿಗೆ ಬದಲಿಸಿ. ಕೆಲವು ಬಾಕ್ಸ್‌ಗಳಲ್ಲಿ ಫೈಲನ್ನು ತುಂಡು ಮಾಡಿ ಮುಂದುವರಿಸುವ ಆಯ್ಕೆಯೂ ಇರುತ್ತದೆ.

ಬದಲಿಸಿದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮೊದಲು ಪ್ರತಿ ಮಾಡಿಟ್ಟುಕೊಳ್ಳಿ. ಇನ್ನೊಂದು ಮಾತು. ಹಣ ಕೊಟ್ಟು ನೋಡುವ ಡಿಟಿಎಚ್‌ನ ಎಷ್ಟೋ ಬಾಕ್ಸ್‌ಗಳಲ್ಲಿ ರೆಕಾರ್ಡಿಂಗ್ ಅದೇ ಬಾಕ್ಸ್‌ನಲ್ಲಿ ಮಾತ್ರ ತೆರೆಯುತ್ತದೆ. ನಿಮ್ಮದು ಫ್ರೀ ಡಿಶ್ ಬಾಕ್ಸ್, ಬಹುಶಃ ತೊಂದರೆಯಿಲ್ಲ. ಆದರೂ ಹಳೆಯ ಫೈಲೊಂದನ್ನು ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಎಂಬ ವಿಡಿಯೊ ತಂತ್ರಾಂಶದಿಂದ ತೆರೆದು ನೋಡುವವರೆಗೆ ಹಳೆಯ ಬಾಕ್ಸನ್ನು ಯಾರಿಗೂ ಕೊಡಬೇಡಿ. ತಂದೆಯವರ ಸಂಗ್ರಹವೇ ಕೈತಪ್ಪಿ ಹೋಗಬಾರದು.

ಅಂಕೋಲಾದಿಂದ | ಸೆಪ್ಟೆಂಬರ್ 8, ಬೆಳಿಗ್ಗೆ 7.10

ಇದು ನನಗೆ ಹೊಳೆದೇ ಇರಲಿಲ್ಲ. ಬಾಕ್ಸ್ ಬದಲಿಸಿ ಎಂದ ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ, ಅಕ್ಕ. ಒಂದು ಸಂದೇಹ ಉಳಿದಿದೆ. ಚಿತ್ರ ಒಡೆದಿರುವ ಹಳೆಯ ರೆಕಾರ್ಡಿಂಗ್‌ಗಳನ್ನು ಕಂಪ್ಯೂಟರ್‌ನಲ್ಲಿ ಸರಿಪಡಿಸಬಹುದೇ?

ಹೊನ್ನಾವರದಿಂದ | ಸೆಪ್ಟೆಂಬರ್ 8, ಬೆಳಿಗ್ಗೆ 8.00

ಆಗುವುದಿಲ್ಲ. ಪ್ರಸಾರ ಬರುವುದು 188 ಬೈಟ್‌ಗಳ ಸಣ್ಣ ಸಣ್ಣ ಪೊಟ್ಟಣಗಳಾಗಿ. ಬಾಕ್ಸ್ ತನಗೆ ಸಿಕ್ಕಿದ್ದನ್ನು ಹಾಗೆಯೇ ಪೆನ್‌ಡ್ರೈವ್‌ಗೆ ಬರೆಯುತ್ತದೆ. ಸಿಗದೇ ಹೋದ ಪೊಟ್ಟಣ ಎಲ್ಲಿಯೂ ಇಲ್ಲ. ಅದಕ್ಕೇ ಮೊದಲು ಸಿಗ್ನಲ್ ಸರಿಯಾಗಬೇಕು, ಆಮೇಲೆ ರೆಕಾರ್ಡಿಂಗ್.

ಶಿರಸಿ, ತೋಟದ ಮನೆ | ಸೆಪ್ಟೆಂಬರ್ 9, ಸಂಜೆ 4.45

ಈ ಚರ್ಚೆ ಓದಿ ನನ್ನದೂ ಒಂದು ಪ್ರಶ್ನೆ. ಹುಲೇಕಲ್ ಕಡೆ ಅಡಿಕೆ ತೋಟದ ಅಂಚಿನಲ್ಲಿ ಮನೆ. ಇಲ್ಲಿ ಉಪ್ಪುಗಾಳಿ ಇಲ್ಲ. ಎರಡು ವರ್ಷದಿಂದ ಕ್ವಾಲಿಟಿ ಮೆಲ್ಲಗೆ ಇಳಿಯುತ್ತ ಬಂದು ಈಗ 40ರ ಆಸುಪಾಸಿನಲ್ಲಿದೆ, ಗಾಳಿ ಬೀಸಿದಾಗ ಚಿತ್ರ ಮಿನುಗುತ್ತದೆ. ಎರಡೂ ಆವರ್ತನಗಳನ್ನು ನೋಡಿದೆ, ಒಂದೇ ಸಮ ಇಳಿದಿವೆ. ಕೇಬಲ್ ಕಳೆದ ವರ್ಷವಷ್ಟೇ ಬದಲಿಸಿದ್ದು. ಮನೆಯ ಆಗ್ನೇಯಕ್ಕೆ ಅಡಿಕೆ ಮರಗಳಿವೆ. ಯಾವ ಮರ ಅಡ್ಡ ಬರುತ್ತಿದೆ ಎಂದು ತಿಳಿಯುವುದು ಹೇಗೆ? ಫಸಲು ಕೊಡುತ್ತಿರುವ ಮರವನ್ನು ಅಂದಾಜಿನ ಮೇಲೆ ಕಡಿಯಲು ಮನಸ್ಸು ಒಪ್ಪುವುದಿಲ್ಲ. ಅಪ್ಪಯ್ಯ ನೆಟ್ಟ ಮರಗಳು.

ಬೈತಖೋಲ, ನಿವೃತ್ತ ರೇಡಿಯೊ ಆಪರೇಟರ್ | ಸೆಪ್ಟೆಂಬರ್ 9, ರಾತ್ರಿ 9.30

ಕಡಿಯಬೇಡಿ. ಸೂರ್ಯನೇ ತೋರಿಸಿಕೊಡುತ್ತಾನೆ, ಇನ್ನು ಇಪ್ಪತ್ತು ದಿನ ಕಾಯಿರಿ.

ಉಪಗ್ರಹ ಇರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ, ಸಮಭಾಜಕದ ಮೇಲೆ. ಶಿರಸಿಯಿಂದಲೂ ಕಾರವಾರದಿಂದಲೂ ನೋಡಿದರೆ ಉತ್ತರದಿಂದ ಬಲಸುತ್ತಿಗೆ ಸುಮಾರು 126 ಡಿಗ್ರಿ ದಿಕ್ಕಿನಲ್ಲಿ, ಅಂದರೆ ಆಗ್ನೇಯಕ್ಕೆ, ದಿಗಂತದಿಂದ 62 ಡಿಗ್ರಿ ಮೇಲೆ. ನೆತ್ತಿಗೆ ಸಾಕಷ್ಟು ಹತ್ತಿರ. ಡಿಶ್‌ನ ಮುಖ ನೋಡಿದರೆ ಅಷ್ಟು ಮೇಲೆ ನೋಡುತ್ತಿದೆ ಎನ್ನಿಸುವುದಿಲ್ಲ, ಏಕೆಂದರೆ ಮನೆಗಳಿಗೆ ಹಾಕುವ ಡಿಶ್ ಆಫ್‌ಸೆಟ್ ಮಾದರಿಯದು. ಮುಖ ತೋರುವುದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಿನಿಂದ ಸಿಗ್ನಲ್ ಹಿಡಿಯುತ್ತದೆ. ಹೀಗಾಗಿ ಜನ ತಪ್ಪು ಮರವನ್ನು ಅನುಮಾನಿಸುತ್ತಾರೆ. ದೂರದಲ್ಲಿ ಎದುರಿಗೆ ಕಾಣುವ ಮರ ಬಹುಮಟ್ಟಿಗೆ ಅಡ್ಡಿಯಲ್ಲ. ಅಡ್ಡಿ ಮಾಡುವುದು ಪಕ್ಕದಲ್ಲಿಯೇ ನಿಂತು ತಲೆಯ ಮೇಲೆ ಬಾಗಿದ ಮರ.

ವರ್ಷಕ್ಕೆ ಎರಡು ಸಲ, ಮಾರ್ಚ್ ನಡುವಿನಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ, ನಮ್ಮ ಜಿಲ್ಲೆಯಿಂದ ನೋಡಿದಾಗ ಸೂರ್ಯ ಸರಿಯಾಗಿ ಈ ಉಪಗ್ರಹದ ಬೆನ್ನ ಹಿಂದೆ ಬರುತ್ತಾನೆ. ಲೆಕ್ಕ ಹಾಕಿದ್ದೇನೆ: ಸೆಪ್ಟೆಂಬರ್ 29ರ ಆಚೀಚೆ ಒಂದೆರಡು ದಿನ, ಬೆಳಿಗ್ಗೆ 10.50ರಿಂದ 11ರೊಳಗೆ. ಆ ಹೊತ್ತಿನಲ್ಲಿ ಸೂರ್ಯನ ರೇಡಿಯೊ ಗದ್ದಲದಿಂದ ಕ್ವಾಲಿಟಿ ಕೆಲವು ನಿಮಿಷ ತಾನಾಗಿ ಕುಸಿಯಬಹುದು, ಗಾಬರಿಯಾಗಬೇಡಿ. ನೀವು ನೋಡಬೇಕಾದದ್ದು ನೆರಳು. ಆಗ ಡಿಶ್‌ನ ಮೇಲೆ ಯಾವ ಮರದ ನೆರಳು ಬಿದ್ದಿದೆಯೋ ಅದೇ ಸಿಗ್ನಲ್‌ಗೆ ಅಡ್ಡ ಬರುತ್ತಿರುವ ಮರ. ಡಿಶ್ ಪೂರ್ತಿ ಬಿಸಿಲಿನಲ್ಲಿದ್ದರೆ ಮರಗಳ ತಪ್ಪಿಲ್ಲ. ಪಕ್ಕದಲ್ಲಿ ಬಿಸಿಲು ಬಿದ್ದ ಜಾಗವಿದ್ದರೆ ಡಿಶನ್ನು ಅಲ್ಲಿಗೆ ಸರಿಸಿದರೆ ಸಾಕು.

ಅಷ್ಟರೊಳಗೆ ಎಲ್‌ಎನ್‌ಬಿಯ ಓರೆಯನ್ನೂ ನೋಡಿ. ನಮ್ಮಲ್ಲಿಂದ ಉಪಗ್ರಹ ಪೂರ್ವಕ್ಕೆ ಇಷ್ಟು ವಾಲಿರುವುದರಿಂದ ಅದರ ಲಂಬ ತರಂಗ ನಮಗೆ ಸುಮಾರು 51 ಡಿಗ್ರಿ ಓರೆಯಾಗಿ ತಲುಪುತ್ತದೆ. ಎಲ್‌ಎನ್‌ಬಿಯನ್ನು ನೆಟ್ಟಗೆ ಇಟ್ಟರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ಕಳೆದುಹೋಗುತ್ತದೆ. ಕ್ಲಾಂಪ್ ಸಡಿಲಿಸಿ, ಒಬ್ಬರು ಟಿವಿಯ ಮುಂದೆ ಸಂಖ್ಯೆ ಕೂಗುತ್ತಿರುವಾಗ ಇನ್ನೊಬ್ಬರು ಮೆಲ್ಲಗೆ ತಿರುಗಿಸಿ ಹೆಚ್ಚಿದ ಕಡೆ ನಿಲ್ಲಿಸಬೇಕು.

ಕೋಡಿಬಾಗದ ಮನೆ | ಸೆಪ್ಟೆಂಬರ್ 14, ಸಂಜೆ 6.00

ಪರೀಕ್ಷೆ ಮಾಡಿದೆವು. ಬೆಳಿಗ್ಗೆ ಆರೂವರೆಗೆ ತಮ್ಮನೂ ನಾನೂ ಬಾಕ್ಸು, ಚಿಕ್ಕ ಟಿವಿ ಹೊತ್ತು ತಾರಸಿಗೆ ಹೋದೆವು. ಹೊಸ ಕೇಬಲ್‌ನಲ್ಲಿ 11590ರ ಕ್ವಾಲಿಟಿ 75. ಹಳೆಯ ಕೇಬಲ್‌ಗೆ ಅದೇ ನಿಮಿಷದಲ್ಲಿ 24.

ಕನೆಕ್ಟರ್ ಬಿಚ್ಚಿದಾಗ ಒಳಗೆಲ್ಲ ಹಸಿರು ಕಿಲುಬು. ಸುತ್ತಿದ್ದ ಕಪ್ಪು ಟೇಪು ಬಿಸಿಲಿಗೆ ಸಡಿಲಾಗಿ ಚೀಲದ ಹಾಗೆ ಜೋತು ನೀರು ಹಿಡಿದಿಟ್ಟುಕೊಂಡಿತ್ತು. ಕೇಬಲ್‌ನ ಸಿಪ್ಪೆ ಸುಲಿದರೆ ನಡುತಂತಿಯ ಸುತ್ತಲಿನ ತಂತಿಯ ಜಾಲರಿ ಕಪ್ಪಾಗಿದೆ. ಒಂದು ಮಾರು ಕತ್ತರಿಸಿದೆವು, ಅಲ್ಲಿಯೂ ಕಪ್ಪು. ಎಲ್ಲಿಯವರೆಗೆ ಕತ್ತರಿಸುತ್ತ ಹೋಗಬೇಕು?

ಕುಮಟಾ, ಡಿಶ್ ಕೆಲಸ | ಸೆಪ್ಟೆಂಬರ್ 14, ರಾತ್ರಿ 9.10

ಪೂರ್ತಿ ತೆಗೆದುಬಿಡಿ. ಜಾಲರಿ ಬತ್ತಿಯ ಹಾಗೆ ನೀರನ್ನು ಎಳೆದುಕೊಂಡು ಕೆಳಗಿನವರೆಗೂ ಒಯ್ಯುತ್ತದೆ, ಬಾಕ್ಸ್‌ನೊಳಗೇ ನೀರು ಇಳಿದದ್ದನ್ನೂ ನೋಡಿದ್ದೇನೆ. ಕಪ್ಪಾದ ಕೇಬಲ್ ಉಳಿಸಿಕೊಂಡರೆ ಮುಂದಿನ ಮಳೆಗಾಲಕ್ಕೆ ಇದೇ ಗೋಳು.

ಹೊಸದು ಹಾಕುವಾಗ ಅವಸರ ಮಾಡಬೇಡಿ. ಈ ಕೆಲಸದಲ್ಲಿ ಕೆಡುವುದೆಲ್ಲ ಕೊನೆಯ ಐದು ನಿಮಿಷದಲ್ಲಿಯೇ. ನಡುತಂತಿ ಕನೆಕ್ಟರ್‌ನ ಬಾಯಿಯಿಂದ ಎರಡು ಮೂರು ಮಿಲಿಮೀಟರ್ ಮಾತ್ರ ಹೊರಗಿರಲಿ. ಜಾಲರಿಯ ಒಂದು ಎಳೆಯೂ ಅದಕ್ಕೆ ತಾಗಕೂಡದು, ತಾಗಿದರೆ ಶಾರ್ಟ್ ಆಗುತ್ತದೆ. ತಿರುಗಿಸಿ ಕೂರಿಸುವ ಕನೆಕ್ಟರ್‌ಗಿಂತ ಉಪಕರಣದಿಂದ ಒತ್ತಿ ಕೂರಿಸುವುದು ಕರಾವಳಿಗೆ ಎಷ್ಟೋ ಮೇಲು. ಕಪ್ಪು ಪಿವಿಸಿ ಟೇಪೊಂದನ್ನೇ ನಂಬಬೇಡಿ. ಎಳೆದು ಸುತ್ತಿದರೆ ತನ್ನೊಳಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪು ವಿದ್ಯುತ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಮಾಡಿಗೆ ಹಂಚು ಹೊದಿಸುವ ಹಾಗೆ; ಆಗ ಮೇಲಿನ ಸುತ್ತಿನ ನೀರು ಕೆಳಗಿನ ಸುತ್ತಿನ ಹೊರಮೈ ಮೇಲೆ ಜಾರುತ್ತದೆ. ಸಿಲಿಕಾನ್ ಹಚ್ಚುವುದಾದರೆ ಹುಳಿ ವಾಸನೆ ಬರುವ ಬಗೆ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ.

ಕೇಬಲ್ ಮನೆಯೊಳಗೆ ಬರುವ ತೂತಿನ ಮೊದಲು ಕೆಳಕ್ಕೆ ಇಳಿದು ಮತ್ತೆ ಮೇಲೆ ಬರುವಂತೆ ಒಂದು ಬಳಸು ಕೊಡಿ, ಹರಿದು ಬಂದ ನೀರು ಅಲ್ಲಿಯೇ ತೊಟ್ಟಿಕ್ಕಲಿ. ಎಲ್‌ಎನ್‌ಬಿಯ ಮುಖದ ಪ್ಲಾಸ್ಟಿಕ್ ಮುಚ್ಚಳ ಬಿರುಕು ಬಿಟ್ಟಿದೆಯೇ ನೋಡಿ. ಕಣಜ ಗೂಡು ಕಟ್ಟುವುದು ಅಲ್ಲಿಯೇ.

ಕೋಡಿಬಾಗದ ಮನೆ | ಸೆಪ್ಟೆಂಬರ್ 21, ರಾತ್ರಿ 10.30

ಹೊಸ ಕೇಬಲ್ ಹಾಕಿ ನಾಲ್ಕು ದಿನವಾಯಿತು. ರಾತ್ರಿ ಎಂಟಕ್ಕೆ 11090ರಲ್ಲಿ 77, 11590ರಲ್ಲಿ 75. ಬೆಳಗಿನ ಜಾವಕ್ಕೂ ಅಷ್ಟೇ ಇದೆ. ಬಾಕ್ಸ್ ಹಳೆಯದೇ.

ಪೆನ್‌ಡ್ರೈವ್‌ನ ಫೈಲುಗಳು 3.99 ಜಿಬಿಗೇ ನಿಂತಿದ್ದವು. ಎಲ್ಲವನ್ನೂ ಮಗಳ ಲ್ಯಾಪ್‌ಟಾಪ್‌ಗೆ ಪ್ರತಿ ಮಾಡಿದೆ. ವಿಎಲ್‌ಸಿಯಲ್ಲಿ ಚೆನ್ನಾಗಿ ತೆರೆದವು. ಪೆನ್‌ಡ್ರೈವ್ ಎನ್‌ಟಿಎಫ್‌ಎಸ್ ಆಯಿತು. ಜಾಗ ಹೆಚ್ಚು ಬೇಕೆಂದು ಹಾರ್ಡ್ ಡಿಸ್ಕ್ ಜೋಡಿಸಿದರೆ ಬಾಕ್ಸ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಇದೇನು?

ಹೊನ್ನಾವರದಿಂದ | ಸೆಪ್ಟೆಂಬರ್ 21, ರಾತ್ರಿ 10.50

ಯುಎಸ್‌ಬಿ 2.0 ಕಿಂಡಿ ಕೊಡಬೇಕಾದದ್ದು 500 ಮಿಲಿಆಂಪಿಯರ್. ಡಿಸ್ಕ್ ತಿರುಗಲು ಶುರುವಾಗುವಾಗ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ನಡುವೆ ಹಾಕಿ. ಇಲ್ಲವಾದರೆ ದೊಡ್ಡ ಪೆನ್‌ಡ್ರೈವೇ ಇರಲಿ, ಸೆಕೆಂಡಿಗೆ ಅರ್ಧ ಮೆಗಾಬೈಟ್ ಬರೆಯಲು ಅದು ಧಾರಾಳ ಸಾಕು.

ಶಿರಸಿ, ತೋಟದ ಮನೆ | ಸೆಪ್ಟೆಂಬರ್ 29, ಮಧ್ಯಾಹ್ನ 12.20

ಎರಡು ದಿನ ಮೋಡ. ಇಂದು ಬಿಸಿಲು ಬಿತ್ತು. ಹತ್ತೂವರೆಯಿಂದಲೇ ಡಿಶ್ ಪಕ್ಕ ನಿಂತಿದ್ದೆ. 10.53ಕ್ಕೆ ಡಿಶ್‌ನ ಮೇಲಿನ ಅರ್ಧಕ್ಕೆ ಸೋಗೆಯ ನೆರಳು. ನಾನು ಅನುಮಾನಿಸಿದ್ದ ಮೂರು ಮರಗಳಲ್ಲಿ ಒಂದರದ್ದೂ ಅಲ್ಲ. ಬಚ್ಚಲುಮನೆಯ ಪಕ್ಕ ತಾನಾಗಿ ಹುಟ್ಟಿ ಬೆಳೆದ ಎಳೆಯ ಅಡಿಕೆ ಮರ. ಅದರ ಮೇಲೆ ನನ್ನ ಕಣ್ಣು ಹೋಗಿಯೇ ಇರಲಿಲ್ಲ. ಮೂರು ಅಡಿ ಪಶ್ಚಿಮಕ್ಕೆ ಪೂರ್ತಿ ಬಿಸಿಲಿತ್ತು, ಅಲ್ಲಿ ಸುಣ್ಣದಲ್ಲಿ ಗುರುತು ಹಾಕಿದ್ದೇನೆ. ಎಲ್‌ಎನ್‌ಬಿ ತಿರುಗಿಸಿದ್ದರಿಂದಲೇ ಕ್ವಾಲಿಟಿ 40ರಿಂದ 52 ಆಗಿದೆ. ಡಿಶ್ ಸರಿಸುವುದು ಭಾನುವಾರ. ಬೈತಖೋಲದ ಹಿರಿಯರಿಗೆ ನಮಸ್ಕಾರ ಮತ್ತು ಕೃತಜ್ಞತೆ.

ಕುಮಟಾ, ಡಿಶ್ ಕೆಲಸ | ಸೆಪ್ಟೆಂಬರ್ 29, ರಾತ್ರಿ 8.40

ಹದಿನೆಂಟು ವರ್ಷದಲ್ಲಿ ಈ ನೆರಳಿನ ಲೆಕ್ಕ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಬರೆದಿಟ್ಟುಕೊಂಡೆ. ಡಿಶ್ ಸರಿಸುವಾಗ ಕಂಬ ದಾರಕ್ಕೆ ಕಟ್ಟಿ ಇಳಿಬಿಟ್ಟ ತೂಕದ ಗುಂಡಿಗೆ ನೆಟ್ಟಗಿರಲಿ, ಕಂಬ ವಾಲಿದರೆ ಉಳಿದ ಅಳತೆಗಳೆಲ್ಲ ತಪ್ಪುತ್ತವೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಮೊದಲು ಕಂಬಕ್ಕೆ ಅರ್ಥಿಂಗ್ ಮಾಡಿಸಿ. ಮೋಡ ಕಟ್ಟಿದಾಗಲೇ, ಗುಡುಗು ಶುರುವಾಗುವ ಮೊದಲೇ ಕೇಬಲ್ಲನ್ನೂ ಪ್ಲಗ್ಗನ್ನೂ ತೆಗೆದಿಡಿ.

ಕೋಡಿಬಾಗದ ಮನೆ | ಅಕ್ಟೋಬರ್ 3, ಮಧ್ಯಾಹ್ನ 3.15

ನಿನ್ನೆ ರಾತ್ರಿಯ ಪ್ರಸಂಗ ನಾಲ್ಕು ಗಂಟೆ ಹತ್ತು ನಿಮಿಷದ್ದು, ಒಂದೇ ಫೈಲು, 6 ಜಿಬಿಗಿಂತ ಹೆಚ್ಚು. ಈಗ ಅಪ್ಪ ಅದನ್ನು ಹಾಕಿಸಿಕೊಂಡು ಕುಳಿತಿದ್ದಾರೆ. ನಡುವೆ ಒಂದು ಕಡೆ ನಿಲ್ಲಿಸಲು ಹೇಳಿದರು. ಮತ್ತೆ ಚಿತ್ರ ಒಡೆಯಿತೇನೋ ಎಂದು ಓಡಿ ಹೋದೆ. ಮದ್ದಳೆಯವರ ಒಂದು ಮುಕ್ತಾಯವನ್ನು ಅವರು ಇನ್ನೊಮ್ಮೆ ಕೇಳಬೇಕಾಗಿತ್ತು.